ಚೆಂಬಲ್ಲಿ ಕಚ್ತದೆ, ದಾರ ತುಂಡಾಗ್ತದೆ: ಪುಲಿಮುಟ್ಟಿನಲ್ಲಿ ನಾಲ್ಕು ಜನ ನಾಲ್ಕು ಮದ್ದು ಹೇಳ್ತಾರೆ

ಹೊಸಗಾಳ_ಕುಂಬಳೆ

ಎಲ್ಲರಿಗೂ ನಮಸ್ಕಾರ. ಕೈದಾರದಲ್ಲಿ ಹಿಡಿದು ಅಭ್ಯಾಸ ಉಂಟು, ರಾಡು-ರೀಲಿಗೆ ಹೊಸಬ. ಜಾಗ ಚಂದ್ರಗಿರಿ ಅಳಿವೆಯ ಪುಲಿಮುಟ್ಟು, ಅಂದರೆ ಅಲೆ ತಡೆಯುವ ಕಲ್ಲಿನ ಕಟ್ಟೆ. ದೂರ ಎಸೆಯುವುದಿಲ್ಲ, ಕಲ್ಲಿನ ಬುಡಕ್ಕೇ ಎರೆ ಇಳಿಸುವುದು. ಎರಡು ವಾರದಲ್ಲಿ ಐದು ಸಲ ದೊಡ್ಡ ಮೀನು ಕಚ್ಚಿತು, ಐದೂ ಸಲ ದಾರ ತುಂಡು. ಒಂದನ್ನು ಮಾತ್ರ ನೀರಿನ ಮೇಲೆ ಕಂಡದ್ದು, ಚೆಂಬಲ್ಲಿ (ಕೆಂಪು ಸ್ನ್ಯಾಪರ್ ಜಾತಿಯ ಮೀನು).

ಸಾಮಾನು: 9 ಅಡಿ ರಾಡ್, ಅದರ ಮೇಲೆ 15–40 ಗ್ರಾಂ (ಎಸೆಯಬಹುದಾದ ತೂಕ) ಅಂತ ಬರೆದದ್ದು. 4000 ಸೈಜಿನ ರೀಲ್, ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಜಾರಬೇಕು ಅಂತ ಇಡುವ ಡ್ರ್ಯಾಗ್ ಇರುವಂಥದ್ದು. 20 ಪೌಂಡ್ ತೂಕ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ. ಅದರ ತುದಿಗೆ ಗಾಳದ ಕಡೆ ಕಟ್ಟುವ ಲೀಡರಿಗೆ 30 ಪೌಂಡಿನ ತಂಗೂಸು (ಒಂಟಿ ಎಳೆಯ ನೈಲಾನ್ ದಾರ) ಒಂದು ಮಾರು. 40 ಗ್ರಾಂ ಸೀಸ, 4/0 ಸರ್ಕಲ್ ಗಾಳ (ಮೊನೆ ಒಳಕ್ಕೆ ಬಾಗಿದ್ದು). ಎರೆ ಜೀವಂತ ಸಿಗಡಿ, ಸಿಗದಿದ್ದರೆ ಮತ್ತಿ (ಬೂತಾಯಿ) ತುಂಡು. ಬ್ರೇಡ್ ಮತ್ತು ಲೀಡರ್ ಸೇರಿಸಿದ್ದು ಡಬಲ್ ಯೂನಿ ಗಂಟಿನಲ್ಲಿ.

ಅಲ್ಲಿ ನಿಂತವರನ್ನು ಕೇಳಿದರೆ ಒಬ್ಬರು "ಡ್ರ್ಯಾಗ್ ಪೂರ್ತಿ ಬಿಗಿ ಮಾಡು, ಒಂದಿಂಚೂ ಕೊಡಬೇಡ" ಅಂತಾರೆ. ಪಕ್ಕದವರು "ಬಿಗಿ ಮಾಡಿದ್ದಕ್ಕೇ ಕಡಿಯುವುದು" ಅಂತಾರೆ. ಮೂರನೆಯವರು "ಹಲ್ಲಿನ ಮೀನು, ತಂತಿ ಹಾಕು". ಕೈದಾರದ ಅಜ್ಜ ಒಬ್ಬರು "ಬ್ರೇಡೇ ಬೇಡ, 0.70 ಮಿ.ಮೀ. ದಪ್ಪದ ತಂಗೂಸು ತುಂಬಿಸು, ನೋಡುವ" ಅಂತಾರೆ. ನಾಲ್ವರೂ ನನ್ನ ಕಣ್ಣೆದುರೇ ಮೀನು ಎತ್ತುವವರು, ಹಾಗಾಗಿ ಯಾರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಮೊದಲು ಎಂತ ಸರಿ ಮಾಡ್ಲಿ?

ಅಳಿವೆಬಾಗಿಲು

ನಾಲ್ವರೂ ಸುಳ್ಳು ಹೇಳುವುದಲ್ಲ ಮಾರಾಯ್ರೆ. ಒಬ್ಬೊಬ್ಬರ ದಾರ ತುಂಡಾದದ್ದು ಒಂದೊಂದು ಕಾರಣಕ್ಕೆ. ತನಗೆ ಗುಣವಾದ ಮದ್ದನ್ನು ಎದುರಿನವನಿಗೂ ಕುಡಿಸುವುದು ಪುಲಿಮುಟ್ಟಿನ ಪದ್ಧತಿ. ರೋಗ ಯಾವುದು ಅಂತ ಯಾರೂ ಕೇಳಲಿಲ್ಲ, ನೀವೂ ಬರೆಯಲಿಲ್ಲ. ದಾರ ತುಂಡಾದದ್ದು ಎಲ್ಲಿ? ತುಂಡಾದ ತುದಿ ನೋಡ್ಲಿಕ್ಕೆ ಹೇಗೆ ಉಂಟು? ಸಾಮಾನಿನ ಪಟ್ಟಿಗಿಂತ ಆ ಎರಡು ಅಂಗುಲದ ತುದಿ ಹೆಚ್ಚು ಮಾತಾಡ್ತದೆ.

ಹಗಲು ಬೆಳಕಿನಲ್ಲಿ ಬಿಳಿ ಕಾಗದದ ಮೇಲಿಟ್ಟು ನೋಡಿ.

ತಂಗೂಸಿನ ತುದಿ ಹಂದಿಬಾಲದ ಹಾಗೆ ಸುರುಳಿ ಸುತ್ತಿದ್ದರೆ ಅದು ತುಂಡಾದದ್ದೇ ಅಲ್ಲ, ಗಂಟು ಜಾರಿ ಬಿಚ್ಚಿದ್ದು. ಸುತ್ತು ಕಡಿಮೆ ಹಾಕಿದ್ದು, ಒಣಗಿದ ಹಾಗೇ ಎಳೆದದ್ದು, ಇಲ್ಲ ಕಡೆಯ ತುಂಡನ್ನು ಬುಡಕ್ಕೇ ಕತ್ತರಿಸಿದ್ದು, ಈ ಮೂರರಲ್ಲಿ ಒಂದು. ಇದಕ್ಕೆ ಡ್ರ್ಯಾಗ್, ತಂತಿ, 0.70 ಯಾವುದೂ ಮದ್ದಲ್ಲ.

ತುದಿ ನೆಟ್ಟಗೆ ಉಂಟು, ಆದರೆ ಬೆರಳ ನಡುವೆ ಎಳೆದರೆ ಉಪ್ಪುಕಾಗದದ ಹಾಗೆ ತಾಗ್ತದೆ ಅಂತಾದರೆ ಒರಟು ಎಷ್ಟು ಉದ್ದಕ್ಕೆ ಉಂಟು ಅಂತ ಅಳೆಯಿರಿ. ಗಾಳದಿಂದ ಮೇಲೆ ನಾಲ್ಕೈದು ಅಂಗುಲ ಮಾತ್ರ ಒರಟಾದರೆ ಹಲ್ಲು. ಅರ್ಧ ಮೀಟರ್, ಒಂದು ಮೀಟರ್ ಉದ್ದಕ್ಕೆ ಬಿಳಿ ಗೀರು ಬಿದ್ದಿದ್ದರೆ ಕಲ್ಲು, ಅಂದರೆ ಮೀನು ಪೊಟರೆಗೆ ನುಗ್ಗಿ ದಾರವನ್ನು ಉಜ್ಜಿದೆ.

ಒರಟೇ ಇಲ್ಲ, ಗಾಳಕ್ಕೆ ತೀರ ಹತ್ತಿರ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಉಂಟು: ಹೊಟ್ಟೆ ಉಬ್ಬಿಸುವ ಪಫರ್ ಮೀನು. ಅದರ ಹಲ್ಲು ಕೂಡಿ ಗಿಳಿಯ ಕೊಕ್ಕಿನ ಹಾಗೆ ಆಗಿರ್ತದೆ. ಮೇಲೆ ಬಂದರೆ ಬಿಟ್ಟುಬಿಡಿ, ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ಅದೇ ಶುದ್ಧ ಕಡಿತ ಗಾಳದಿಂದ ಒಂದು ಗೇಣು ಮೇಲೆ ಉಂಟಾದರೆ ಕಾಳಾಂಜಿ ಇರಬಹುದು, ಉಡುಪಿ ಕಡೆಯವರ ಕುರುಡಿ. ಅದರ ಹಲ್ಲು ಎಂತದೂ ಮಾಡುವುದಿಲ್ಲ, ಕಿವಿರಿನ ಮುಚ್ಚಳದ ಅಂಚು ಬ್ಲೇಡು. ನೀರಿನಿಂದ ಹಾರಿ ತಲೆ ಕೊಡವುವಾಗ ಕತ್ತರಿಸುವುದು.

ಲೀಡರ್ ಪೂರ್ತಿ ಹೋಗಿ ಬ್ರೇಡ್ ಮಾತ್ರ ಬಂದರೆ ಬ್ರೇಡಿನ ಎಳೆ ನೋಡಿ. ಎಳೆಗಳು ಉದ್ದ-ಗಿಡ್ಡ ಆಗಿ ಕುಂಚದ ಹಾಗೆ ಬಿಚ್ಚಿದ್ದರೆ ಕಲ್ಲಿಗೋ ಕಲ್ಲಿನ ಮೇಲಿನ ಚಿಪ್ಪಿಗೋ ಉಜ್ಜಿದೆ. ಎಲ್ಲ ಎಳೆ ಒಂದೇ ಅಳತೆಗೆ, ಸ್ವಲ್ಪ ಗಡುಸಾಗಿ ನಿಂತಿದ್ದರೆ ಬ್ರೇಡ್ ತನ್ನ ಗಂಟಿನಲ್ಲೇ ತನ್ನನ್ನು ಕೊಯ್ದುಕೊಂಡಿದೆ.

ಇನ್ನೊಂದು, ಗಾಳವೇ ನೆಟ್ಟಗಾಗಿ ಬಂದರೆ ಡ್ರ್ಯಾಗ್ ಹೆಚ್ಚಾಯ್ತು, ಇಲ್ಲ ತಂತಿ ತೆಳುವಿನ ಗಾಳ.

ಐದರಲ್ಲಿ ಯಾವುದಾದರೂ ತುದಿ ಇನ್ನೂ ಉಂಟಾ ನೋಡಿ. ಇನ್ನು ಮೇಲೆ ತುಂಡಾದದ್ದನ್ನೆಲ್ಲ ಸೆಲ್ಲೋಟೇಪಿನಲ್ಲಿ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಕು, ಭರತವೋ ಇಳಿತವೋ, ಎಷ್ಟು ಮಾರು ಆಳ, ಎಂತ ಎರೆ ಅಂತ ಬರೆದಿಡಿ. ಅನುಭವ ಇದ್ದವರ ಎದುರು ಆ ಪುಟ ಬಿಡಿಸಿದರೆ ಅವರು ಊಹೆ ಹೇಳಬೇಕಾಗಿಲ್ಲ.

ಮತ್ತಿತಲೆ

ತಂತಿ ಬೇಡ. ತಂತಿ ಬೇಕಾದದ್ದು ಹರಿತ ಹಲ್ಲಿನ ಬಾರಕುಡ, ಅಂಜಲ್ ಮೀನುಗಳಿಗೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ತಂತಿ ಕಟ್ಟಿದ ಎರೆಯ ಹತ್ತಿರ ಚೆಂಬಲ್ಲಿ ಬರುವುದೂ ಕಡಿಮೆ. ಲೀಡರನ್ನು 30ರಿಂದ 50 ಪೌಂಡಿಗೆ ಏರಿಸಿ, ಅಷ್ಟೆ.

ಅಜ್ಜನ 0.70 ಬಗ್ಗೆ ಒಂದು ಲೆಕ್ಕ. ರೀಲಿನಲ್ಲಿ ಹಿಡಿಯುವ ದಾರ ದಪ್ಪವನ್ನು ದಪ್ಪದಿಂದಲೇ ಗುಣಿಸಿದ ಲೆಕ್ಕದಲ್ಲಿ ಕಡಿಮೆ ಆಗ್ತದೆ. ನಿಮ್ಮ 4000 ರೀಲಿನ ಸ್ಪೂಲಿನಲ್ಲಿ (ದಾರ ಸುತ್ತುವ ಉರುಳೆ) 0.30 ತಂಗೂಸು 200 ಮೀಟರ್ ಹಿಡಿಯುವುದಾದರೆ 0.70 ಹಿಡಿಯುವುದು 36–37 ಮೀಟರ್. ಅಷ್ಟು ದಪ್ಪದ್ದು ಸಣ್ಣ ಸ್ಪೂಲಿನಲ್ಲಿ ಸುರುಳಿ ಹಿಡಿದು, ಬೇಲ್ (ದಾರ ತಡೆಯುವ ತಂತಿಯ ಕೊಂಡಿ) ತೆರೆದ ಕೂಡಲೇ ಸ್ಪ್ರಿಂಗಿನ ಹಾಗೆ ಹೊರಗೆ ಹಾರ್ತದೆ. ಅಜ್ಜನ ಕೈಯಲ್ಲಿ ಮರದ ತುಂಡಿಗೆ ಸುತ್ತಿದ 0.70 ಬಂಗಾರ, ನಿಮ್ಮ ರೀಲಿನಲ್ಲಿ ಕಸ. ಮಾತಿನಲ್ಲಿ ತಪ್ಪಿಲ್ಲ, ಅವರು ಹೇಳಿದ್ದು ಕೈದಾರದ ಮಾತು. 0.70 ಬೇಕಾದರೆ ಲೀಡರಿಗೆ ಹಾಕಿ, ಹೆಚ್ಚಿನ ಕಂಪೆನಿಯವರದ್ದು 50 ಪೌಂಡಿನ ಆಸುಪಾಸೇ ಬರ್ತದೆ.

ಪಯಸ್ವಿನಿ_ದಡ

ಗಂಟಿನ ವಿಷಯಕ್ಕೆ ಬರುವ. ಡಬಲ್ ಯೂನಿ ಕೆಟ್ಟ ಗಂಟಲ್ಲ, ಆದರೆ ಎರಡೂ ಕಡೆ ಐದೈದು ಸುತ್ತು ಹಾಕಿ ಕಟ್ಟುವವರೇ ಹೆಚ್ಚು. ತಂಗೂಸು ತಂಗೂಸಿಗೆ ಅದು ಸಾಕು. ಬ್ರೇಡ್ ತೆಳು, ನುಣುಪು. ಐದು ಸುತ್ತಿನಲ್ಲಿ ಜಾರ್ತದೆ. ಬ್ರೇಡಿನ ಬದಿಗೆ 8 ಸುತ್ತು, ದಪ್ಪ ಲೀಡರಿನ ಬದಿಗೆ 4. ದಪ್ಪದ್ದಕ್ಕೆ ಹೆಚ್ಚು ಸುತ್ತು ಹಾಕಿದರೆ ಅದು ಒಂದರ ಮೇಲೊಂದು ಏರಿ ಸರಿಯಾಗಿ ಕೂರುವುದೇ ಇಲ್ಲ. ಎಳೆಯುವ ಮೊದಲು ಎಂಜಲಿನಲ್ಲಿ ಒದ್ದೆ ಮಾಡಿ. ಒಣ ತಂಗೂಸನ್ನು ಬಿಗಿ ಮಾಡಿದರೆ ಉಜ್ಜಿದ ಬಿಸಿಗೆ ಅಲ್ಲೇ ಸೋಲ್ತದೆ, ಗಂಟಿನ ಹತ್ತಿರ ಸಣ್ಣ ಬಿಳಿ ಮಚ್ಚೆ ಕಂಡರೆ ಅದೇ. ಎರಡು ಗಂಟನ್ನೂ ಬೇರೆ ಬೇರೆಯಾಗಿ ಬಿಗಿ ಮಾಡಿ, ಆಮೇಲೆ ಉದ್ದ ದಾರ ಎಳೆದು ಎರಡನ್ನು ಹತ್ತಿರ ತನ್ನಿ. ಕಡೆಯ ತುಂಡು 3 ಮಿ.ಮೀ. ಬಿಡಿ.

ದೂರ ಎಸೆಯುವವರಿಗೆ ಎಫ್‌ಜಿ ಗಂಟು ಒಳ್ಳೆಯದು, ದಾರ ಹಾದುಹೋಗುವ ರಾಡಿನ ಬಳೆಗಳಲ್ಲಿ ತಡೆಯದೆ ಹೋಗ್ತದೆ. ಇದರಲ್ಲಿ ಲೀಡರಿಗೆ ಗಂಟೇ ಇಲ್ಲ, ಬ್ರೇಡ್ ಅದನ್ನು ಜಡೆ ಹೆಣೆದ ಹಾಗೆ ಹಿಡಿಯುವುದು. ಬ್ರೇಡನ್ನು ಬಿಗಿಯಾಗಿ ನಿಲ್ಲಿಸಬೇಕು: ರಾಡನ್ನು ಎಲ್ಲಾದರೂ ಒರಗಿಸಿ, ತುದಿ ಸ್ವಲ್ಪ ಬಾಗುವಷ್ಟು ಎಳೆದು, ಬ್ರೇಡಿನ ಕೊನೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಿ. ಆ ಬಿಗಿ ಬ್ರೇಡಿನ ಮೇಲೆ ಲೀಡರನ್ನು ಅಡ್ಡ ಇಟ್ಟು, ಒಮ್ಮೆ ಮೇಲಿನಿಂದ ಒಮ್ಮೆ ಕೆಳಗಿನಿಂದ ದಾಟಿಸುತ್ತಾ 20 ಸಲ. ಪ್ರತಿ ಸಲವೂ ಸ್ವಲ್ಪ ಎಳೆದು, ಸುತ್ತು ಪಕ್ಕ ಪಕ್ಕ ಕೂರುವ ಹಾಗೆ ಮಾಡಿ. ಒಂದರ ಮೇಲೊಂದು ಏರಬಾರದು. ಆಮೇಲೆ ಬ್ರೇಡಿನ ಕೊನೆಯಿಂದ ಲೀಡರ್ ಮತ್ತು ಬ್ರೇಡ್ ಎರಡನ್ನೂ ಸೇರಿಸಿ ಒಂದು ಅರೆಗಂಟು. ಈಗ ಒದ್ದೆ ಮಾಡಿ ಜೋರಾಗಿ ಎಳೆಯಿರಿ, ಕೈಗೆ ಬಟ್ಟೆ ಸುತ್ತಿಕೊಂಡು. ಬರಿಗೈಯಲ್ಲಿ ಎಳೆದರೆ ಬ್ರೇಡ್ ಬೆರಳು ಕೊಯ್ತದೆ. ಹೆಣಿಗೆ ಸಪೂರ ಆಗಿ ಬಣ್ಣ ಗಾಢವಾದರೆ ಕಚ್ಚಿತು ಅಂತ ಲೆಕ್ಕ. ಬಣ್ಣ ಬದಲಾಗದಿದ್ದರೆ ಬಿಚ್ಚಿ ಮೊದಲಿನಿಂದ ಕಟ್ಟಿ, ಅದು ಖಂಡಿತ ಜಾರ್ತದೆ. ಇನ್ನು ನಾಲ್ಕೈದು ಅರೆಗಂಟು ಎರಡೂ ದಾರ ಸೇರಿಸಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ. ಲೀಡರಿನ ಉಳಿದ ತುಂಡನ್ನು ಹತ್ತಿರಕ್ಕೆ ಕತ್ತರಿಸಿ. ಮತ್ತೆ ನಾಲ್ಕು ಅರೆಗಂಟು ಬ್ರೇಡಿಗೆ ಮಾತ್ರ.

ಇದು ಕೆಡುವುದು ಎರಡು ಕಾರಣಕ್ಕೆ. ಹೆಣೆಯುವಾಗ ಬ್ರೇಡ್ ಸಡಿಲವಾದದ್ದು, ಇಲ್ಲ ಕೈಯಲ್ಲಿ ಮೀನಿನ ಲೋಳೆಯೋ ಎಣ್ಣೆಯೋ ಇದ್ದದ್ದು. ಹೀಗೆ ಜಾರಿದ ಲೀಡರಿನ ತುದಿಯಲ್ಲಿ ಹಂದಿಬಾಲ ಇರುವುದಿಲ್ಲ, ಒಂದು ಅಂಗುಲ ಗೀರು ಮಾತ್ರ ಇರ್ತದೆ. ಅಳಿವೆಬಾಗಿಲು ಅವರ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.

ಇಷ್ಟೆಲ್ಲ ಬರೆದು ಈಗ ಹೇಳುವುದು, ನಿಮಗೆ ಎಫ್‌ಜಿ ಬೇಕಾಗಿಲ್ಲ. ಎಸೆಯದೆ ಬುಡಕ್ಕೆ ಇಳಿಸುವವನಿಗೆ ಒಂದು ಗಟ್ಟಿ ಸ್ವಿವೆಲ್ (ಎರಡು ಕಣ್ಣಿನ ತಿರುಗುವ ಕೊಂಡಿ) ಸಾಕು. ಬ್ರೇಡನ್ನು ಸ್ವಿವೆಲಿಗೆ ಪಲೋಮರ್ ಗಂಟಿನಲ್ಲಿ ಕಟ್ಟಿ: ದಾರ ಮಡಿಚಿ ಜೋಡಿಯಾಗಿ ಕಣ್ಣಿನಲ್ಲಿ ತೂರಿಸಿ, ಆ ಜೋಡಿಯಿಂದ ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗೆ ಸ್ವಿವೆಲನ್ನು ಪೂರ್ತಿ ದಾಟಿಸಿ, ಒದ್ದೆ ಮಾಡಿ ಎಳೆಯಿರಿ. ಕತ್ತಲೆಯಲ್ಲೂ ಕಟ್ಲಿಕ್ಕೆ ಬರ್ತದೆ. ಸ್ವಿವೆಲ್ ರಾಡಿನ ತುದಿಯ ಬಳೆಗೆ ತಾಗುವಷ್ಟು ಸುತ್ತಬೇಡಿ, ಬಳೆಯ ಒಳಗಿನ ಪಿಂಗಾಣಿ ಒಡೆಯುತ್ತದೆ. ಒಡೆದ ಬಳೆ ಮುಂದೆ ಎಷ್ಟು ಹೊಸ ಬ್ರೇಡ್ ಹಾಕಿದರೂ ಕೊಯ್ತಾ ಇರ್ತದೆ. ಅನುಮಾನ ಇದ್ದರೆ ಪ್ರತಿ ಬಳೆಯೊಳಗೆ ಸ್ವಲ್ಪ ಹತ್ತಿ ತಿರುಗಿಸಿ, ಎಳೆ ಸಿಕ್ಕಿಹಾಕಿಕೊಂಡರೆ ಅಲ್ಲೇ ಬಿರುಕು.

ಶಿರಿಯ_ಹೊಳೆ

ಡ್ರ್ಯಾಗ್ ಬಗ್ಗೆ "ಬಿಗಿ", "ಸಡಿಲ" ಅಂತ ಮಾತಾಡಿದರೆ ಸಾಯಂಕಾಲದವರೆಗೂ ಜಗಳ. ಕಿಲೋದಲ್ಲಿ ಹೇಳಿ. ಬ್ಯಾಗ್ ತೂಗುವ ಕೈತಕ್ಕಡಿ ಒಂದು ತನ್ನಿ. ದಾರವನ್ನು ಬಳೆಗಳ ಮೂಲಕ ತಂದು ತಕ್ಕಡಿಗೆ ಕಟ್ಟಿ, ರಾಡನ್ನು 45 ಡಿಗ್ರಿ ಎತ್ತಿ ಹಿಡಿದು, ಇನ್ನೊಬ್ಬರು ತಕ್ಕಡಿ ಎಳೆಯಲಿ. ದಾರ ಜಾರ್ಲಿಕ್ಕೆ ಸುರುವಾದಾಗ ತಕ್ಕಡಿ ಎಷ್ಟು ತೋರಿಸ್ತದೋ ಅದು ನಿಮ್ಮ ಡ್ರ್ಯಾಗ್.

20 ಪೌಂಡ್ ಅಂದರೆ 9 ಕಿಲೋ. ಡ್ರ್ಯಾಗ್ ಅದರ ಮೂರರಲ್ಲೊಂದು ಪಾಲು ಇಡುವುದು, ಅಂದರೆ 3 ಕಿಲೋ. ಹೊಯ್ಗೆ (ಮರಳು) ತಳದಲ್ಲಿ ಕಾಣೆ ಮೀನಿಗೋ ವಟ್ಟ ಮೀನಿಗೋ ಅಷ್ಟೂ ಬೇಡ, 2 ಸಾಕು. ಆದರೆ ಕಲ್ಲಿನ ಬುಡದಲ್ಲಿ ಚೆಂಬಲ್ಲಿಗೆ 2 ಕಿಲೋ ಇಟ್ಟರೆ ಮೀನು ನೀವು ಕಣ್ಣು ಮಿಟುಕಿಸುವುದರೊಳಗೆ ಪೊಟರೆ ಸೇರಿರ್ತದೆ. ಪೊಟರೆಗೂ ಎರೆಗೂ ಇರುವುದು ಒಂದೂವರೆ ಮೀಟರ್. ಹಾಗಾಗಿ ಅಲ್ಲಿಗೆ 4 ಕಿಲೋ ಇಡಿ, ಪೂರ್ತಿ ಬಿಗಿ ಅಂದವರ ಮಾತಿನಲ್ಲಿ ಅರ್ಥ ಉಂಟು.

ಅಳಿವೆಬಾಗಿಲು

ಶಿರಿಯದವರೇ, 4 ಕಿಲೋ ನಿಮ್ಮ ರಾಡಿಗೆ ಸರಿ. ಇವರದ್ದು 15–40 ಗ್ರಾಂನದ್ದು. ಆ ರಾಡನ್ನು ನೆಟ್ಟಗೆ ಮೇಲಕ್ಕೆತ್ತಿ 4 ಕಿಲೋ ಹಾಕಿದರೆ ತುದಿ ತುಂಡಾಗುವುದು ದಾರಕ್ಕಿಂತ ಮೊದಲು. 3ರಿಂದ ಸುರು ಮಾಡಲಿ. ಉಳಿದದ್ದನ್ನು ಕೋನದಿಂದ ಸರಿದೂಗಿಸಬಹುದು: ರಾಡನ್ನು ತಗ್ಗಿಸಿ, ನೀರಿಗೆ 30–45 ಡಿಗ್ರಿಯಲ್ಲಿಟ್ಟು, ಹಿಡಿಯ ಬುಡವನ್ನು ಹೊಟ್ಟೆಗೆ ಒತ್ತಿ. ತೂಕ ಆಗ ರಾಡಿನ ಬಲವಾದ ಕೆಳಭಾಗಕ್ಕೆ ಬೀಳ್ತದೆ. ಹಳೆ ಸಿನಿಮಾದ ಹೀರೋನ ಹಾಗೆ ರಾಡನ್ನು ತಲೆಯ ಹಿಂದಕ್ಕೆ ಬಾಗಿಸುವುದು ಫೋಟೋಕ್ಕೆ ಮಾತ್ರ ಚಂದ.

ಎರೆ ತಳಕ್ಕೆ ಬಿದ್ದೇ ಇರಬೇಕಾಗಿಯೂ ಇಲ್ಲ. ಸೀಸ ತಳಕ್ಕೆ ತಾಗಿತು ಅಂತ ಕೈಗೆ ಗೊತ್ತಾದ ಮೇಲೆ ಹಿಡಿಕೆ ಅರ್ಧ ಸುತ್ತು ತಿರುಗಿಸಿ. 4000 ರೀಲಿನಲ್ಲಿ ಒಂದು ಸುತ್ತಿಗೆ ಮುಕ್ಕಾಲು ಮೀಟರಿನ ಆಸುಪಾಸು ದಾರ ಬರ್ತದೆ, ಅರ್ಧ ಅಂದರೆ ಒಂದಡಿಗಿಂತ ಸ್ವಲ್ಪ ಮೇಲೆ. ಚೆಂಬಲ್ಲಿ ಪೊಟರೆಯಿಂದ ಹೊರಬಂದು ಕಚ್ಚಬೇಕು, ಒಳಗೇ ಕೂತು ತಿನ್ನಬಾರದು.

ಸರ್ಕಲ್ ಗಾಳಕ್ಕೆ ಜಗ್ಗಬೇಡಿ. ಕೈದಾರದ ಅಭ್ಯಾಸದವರು ತಟ್ಟಿದ ಕೂಡಲೇ ಝಾಡಿಸುತ್ತಾರೆ, ಗಾಳ ಬಾಯಿಯಿಂದ ಹೊರಗೆ ಬರ್ತದೆ. ರಾಡ್ ಬಾಗಲಿ, ಬಾಗಿದ ಹಾಗೇ ಹಿಡಿಕೆ ತಿರುಗಿಸಿ, ಐದಾರು ಸುತ್ತು ನಿಲ್ಲಿಸದೆ. ಗಾಳ ತಾನೇ ದವಡೆಯ ಮೂಲೆಗೆ ಹೋಗಿ ಕೂತ್ಕೊಳ್ತದೆ, ಮೀನೂ ಪೊಟರೆಯಿಂದ ದೂರ ಬಂದಿರ್ತದೆ. ಗಾಳದ ತುದಿಗೂ ಕಾಂಡಕ್ಕೂ ನಡುವಿನ ಬಾಯಿ ತೆರೆದೇ ಇರಬೇಕು. ಮತ್ತಿ ತುಂಡನ್ನು ಮೂರು ಸಲ ಚುಚ್ಚಿ ಗಾಳ ಪೂರ್ತಿ ಮುಚ್ಚಿದರೆ ಸರ್ಕಲ್ ಗಾಳ ಕೆಲಸವೇ ಮಾಡುವುದಿಲ್ಲ.

ಜೀವಂತ ಸಿಗಡಿಯನ್ನು ತಲೆಯ ಕೊಂಬಿನ ಕೆಳಗೆ, ಒಳಗೆ ಕಾಣುವ ಕಪ್ಪು ಮಚ್ಚೆಗೆ ತಾಗದ ಹಾಗೆ ಚುಚ್ಚಿ. ಮಚ್ಚೆಗೆ ತಾಗಿದರೆ ಆಗಲೇ ಸತ್ತಿತು. ಎರೆಯ ಬಕೆಟಿಗೆ ನಳ್ಳಿ ನೀರು ಬೇಡ, ಹಿಡಿದ ಜಾಗದ ನೀರೇ ಬೇಕು. ಬ್ಯಾಟರಿಯ ಗಾಳಿ ಪಂಪು, ಬಿಸಿಲಿದ್ದರೆ ಮಂಜುಗಡ್ಡೆ ಕಟ್ಟಿದ ಮುಚ್ಚಿದ ಬಾಟಲಿ ಒಂದು. ಮಂಜುಗಡ್ಡೆಯನ್ನು ನೇರ ಹಾಕಿದರೆ ಅದು ಕರಗಿ ಉಪ್ಪು ಕಡಿಮೆಯಾಗಿ ಸಿಗಡಿ ಸಾಯ್ತದೆ.

ಉಪ್ಪುನೀರು

ಮಧ್ಯೆ ಬಾಯಿ ಹಾಕ್ತೇನೆ. ನನ್ನದು ಮಂಜೇಶ್ವರ ಬಂದರಿನ ಪುಲಿಮುಟ್ಟು. ಮೀನಿಗಿಂತ ಹೆಚ್ಚು ಸೀಸವೇ ಕಲ್ಲಿಗೆ ಹೋಗ್ತಾ ಉಂಟು, ದಿನಕ್ಕೆ ಏಳೆಂಟು. ಮತ್ತೆ ಭರತದಲ್ಲಿ ಹಾಕುವುದಾ, ಇಳಿತದಲ್ಲಾ?

ಮತ್ತಿತಲೆ

ಸೀಸವನ್ನು ಲೀಡರಿಗೇ ಯಾಕೆ ಕಟ್ತೀರಿ? ಮೂರು ಬಾಯಿಯ ಸ್ವಿವೆಲ್ ತನ್ನಿ. ಮೇಲಿನ ಬಾಯಿಗೆ 50 ಪೌಂಡಿನ ಲೀಡರ್ ಒಂದು ಮೀಟರ್. ಪಕ್ಕದ ಬಾಯಿಗೆ ಅದೇ ತಂಗೂಸು ಅರ್ಧ ಮೀಟರ್, ತುದಿಯಲ್ಲಿ ಗಾಳ. ಕೆಳಗಿನ ಬಾಯಿಗೆ 8–10 ಪೌಂಡಿನ ತೆಳು ತಂಗೂಸು ಒಂದು ಗೇಣು, ಅದಕ್ಕೆ ಸೀಸ. ಸೀಸ ಸಿಕ್ಕಿದರೆ ತೆಳು ದಾರ ಮಾತ್ರ ಕಡೀತದೆ, ಗಾಳವೂ ಮೀನೂ ನಿಮ್ಮದೇ. ಮೂರು ಬಾಯಿಯದ್ದು ಸಿಗದಿದ್ದರೆ ಸಾದಾ ಸ್ವಿವೆಲಿನ ಕೆಳಗಿನ ಕಣ್ಣಿಗೇ ಎರಡನ್ನೂ ಕಟ್ಟಬಹುದು, ಸ್ವಲ್ಪ ಸುತ್ತಿಕೊಳ್ತದೆ, ಅಷ್ಟೆ. ಸಿಕ್ಕಿದಾಗ ರಾಡಿನಲ್ಲಿ ಜಗ್ಗಬೇಡಿ. ರಾಡನ್ನು ದಾರದ ನೇರಕ್ಕೆ ಹಿಡಿದು, ಸ್ಪೂಲನ್ನು ಬಟ್ಟೆಯಲ್ಲಿ ಒತ್ತಿ, ಹಿಂದಕ್ಕೆ ಎಳೆಯಿರಿ. ಪಾಚಿ ಕಲ್ಲಿನ ಮೇಲೆ ಹಿಂದಕ್ಕೆ ನಡೆಯುವುದಲ್ಲ, ನಿಂತಲ್ಲೇ.

ಪಯಸ್ವಿನಿ_ದಡ

@ಉಪ್ಪುನೀರು: ಭರತವಾ ಇಳಿತವಾ ಅನ್ನುವುದಕ್ಕಿಂತ ನೀರು ಹರಿಯುತ್ತಾ ಉಂಟಾ ಅಂತ ನೋಡಿ. ಹರಿವು ನಿಂತ ಅರ್ಧ ಗಂಟೆ ಊಟ ಮಾಡ್ಲಿಕ್ಕೆ ಒಳ್ಳೆಯದು. ಹುಣ್ಣಿಮೆ-ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಹರಿವು ಅತಿ ಹೆಚ್ಚು, 40 ಗ್ರಾಂ ಸೀಸ ನಿಲ್ಲುವುದೇ ಇಲ್ಲ, 60–80 ಬೇಕು. ಅಷ್ಟಮಿ ಆಚೆ ಈಚೆ ಹರಿವು ಸತ್ತ ಹಾಗೆ. ನಡುವಿನ ದಿನಗಳು ಕಲಿಯುವವರಿಗೆ ಸುಲಭ.

ಫೋನಿನಲ್ಲಿ ಸಿಗುವ ವೇಳೆ ಹೆಚ್ಚಾಗಿ ಮಂಗಳೂರು ಬಂದರಿನದ್ದು, ಅದೂ ಸಮುದ್ರದ ಮಟ್ಟದ ಲೆಕ್ಕ. ಹೊಳೆಯ ಒಳಗೆ ಹೋದ ಹಾಗೆ ತಡ ಆಗ್ತದೆ. ಮತ್ತೆ ಹೆಚ್ಚಿನವರು ಎಡವುವುದು ಇಲ್ಲಿ: ಹೊರಗೆ ನೀರು ಪೂರ್ತಿ ಇಳಿದು ಏರ್ಲಿಕ್ಕೆ ಸುರುವಾದರೂ ಅಳಿವೆಯಲ್ಲಿ ಹೊಳೆ ಇನ್ನೂ ಸಮುದ್ರಕ್ಕೇ ಹರಿಯುತ್ತಾ ಇರಬಹುದು. ಮಟ್ಟ ಬೇರೆ, ಹರಿವು ಬೇರೆ. ಒಂದು ದಿನ ಗಾಳ ಹಾಕದೆ ಕೂತು, 15 ನಿಮಿಷಕ್ಕೊಮ್ಮೆ ಒಂದು ಕಲ್ಲಿನ ಮೇಲೆ ನೀರಿನ ಗುರುತು ನೋಡಿ, ತೇಲುವ ಎಲೆ ಯಾವ ಕಡೆ ಹೋಗ್ತದೆ ಅಂತ ಬರೆದುಕೊಳ್ಳಿ. ಫೋನಿನ ವೇಳೆಗೂ ನಿಮ್ಮ ಕಲ್ಲಿನ ವೇಳೆಗೂ ಎಷ್ಟು ವ್ಯತ್ಯಾಸ ಅಂತ ಒಮ್ಮೆ ಸಿಕ್ಕಿದರೆ ಆ ಬೇಸಿಗೆಯಿಡೀ ಹೆಚ್ಚುಕಮ್ಮಿ ಅದೇ ನಡೆಯುತ್ತದೆ. ನಾಳೆಯ ಭರತ ಇವತ್ತಿಗಿಂತ ಸುಮಾರು 50 ನಿಮಿಷ ತಡ.

ಚಂದ್ರಗಿರಿಯವರಿಗೆ ಇನ್ನೊಂದು ಲೆಕ್ಕ: ಹೊಳೆಯ ನೀರು ಪಯಸ್ವಿನಿಯಾಗಿ ಕೊಡಗಿನ ಕಡೆಯಿಂದ ಬರುವುದು. ಸಂಪಾಜೆ, ಸುಳ್ಯದಲ್ಲಿ ದೊಡ್ಡ ಮಳೆ ಬಂದರೆ ಕಾಸರಗೋಡಿನಲ್ಲಿ ಬಿಸಿಲಿದ್ದರೂ ಅಳಿವೆ ಕೆಂಪಾಗ್ತದೆ. ಆಗ ಮೇಲಿನ ಪದರ ಸಿಹಿನೀರು, ಕೆಳಗೆ ಉಪ್ಪು. ಜೀವಂತ ಸಿಗಡಿಯನ್ನು ಮೇಲಿನ ನೀರಿನಲ್ಲಿ ಹೆಚ್ಚು ಹೊತ್ತು ಬಿಡದೆ ತಳಕ್ಕೆ ಬೇಗ ಇಳಿಸಿ. ಕದಡಿದ ನೀರಿನಲ್ಲಿ ಕಣ್ಣಿಗಿಂತ ವಾಸನೆ ಕೆಲಸ ಮಾಡ್ತದೆ, ಮತ್ತಿ ತುಂಡೇ ಉತ್ತಮ. ಆದರೆ ಅದಕ್ಕೆ ತೇಡೆಯೂ (ಮೀಸೆಯ ಮೀನು) ಸಾಲಾಗಿ ಬರ್ತದೆ. ತೇಡೆಯ ಬೆನ್ನಿನಲ್ಲಿ ಒಂದು, ಬದಿಯಲ್ಲಿ ಎರಡು ಮುಳ್ಳು, ಮೂರೂ ವಿಷದ್ದು. ಇಕ್ಕಳದಲ್ಲೇ ಗಾಳ ಬಿಡಿಸಿ. ಚುಚ್ಚಿದರೆ ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದ ಹಾಗೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ಚುಚ್ಚಿದ ಕೈಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಇನ್ನೊಂದು ಕೈಯಲ್ಲಿ ನೋಡಿ. ಮುಳ್ಳು ಒಳಗೆ ಮುರಿದಿದ್ದರೆ ಆಸ್ಪತ್ರೆಯೇ.

ಶಿರಿಯ_ಹೊಳೆ

ಪುಲಿಮುಟ್ಟಿಗೆ ಹೋಗುವ ಮೊದಲು ಇನ್‌ಕಾಯಿಸ್‌ನ (ಸಮುದ್ರದ ಮಾಹಿತಿ ಕೊಡುವ ಕೇಂದ್ರ ಸರಕಾರದ ಸಂಸ್ಥೆ) ಅಲೆ ಮುನ್ಸೂಚನೆ ನೋಡುವ ಅಭ್ಯಾಸ ಮಾಡಿಕೊಳ್ಳಿ, ಮುಖ್ಯವಾಗಿ ಏಪ್ರಿಲ್-ಮೇಯಲ್ಲಿ. ಗಾಳಿ ಇಲ್ಲ, ಮೋಡ ಇಲ್ಲ, ಸಮುದ್ರ ಎಣ್ಣೆಯ ಹಾಗೆ ಉಂಟು, ಆದರೂ ಒಮ್ಮೆಲೇ ಅಲೆ ಏರಿ ಕಟ್ಟೆ ದಾಟ್ತದೆ. ಮಲಯಾಳದವರು ಕಳ್ಳಕಡಲು ಅನ್ನುವುದು ಇದಕ್ಕೇ. ಹಿಂದೂ ಮಹಾಸಾಗರದ ತೆಂಕು ತುದಿಯ ಬಿರುಗಾಳಿ ಎಬ್ಬಿಸಿದ ಉದ್ದ ಅಲೆ ದಿನಗಟ್ಟಲೆ ಓಡಿ ಇಲ್ಲಿಗೆ ಮುಟ್ಟುವುದು, ಇಲ್ಲಿಯ ಆಕಾಶ ನೋಡಿ ಗೊತ್ತಾಗುವುದಲ್ಲ. ನಿಲ್ಲುವ ಕಲ್ಲು ಒಣಗಿ ಬೆಳ್ಳಗಿರಬೇಕು. ಕಪ್ಪಾಗಿ ಒದ್ದೆ ಇದ್ದರೆ ಅಲ್ಲಿಗೆ ನೀರು ಬಂದು ಹೋಗ್ತಾ ಉಂಟು ಅಂತಲೇ.

ಮತ್ತೆ ಹೊಸಬರಿಗೆ: ಕೈದಾರದವರ ಹತ್ತಿರ "ಮೀನೆಲ್ಲಿ" ಅಂತ ಕೇಳಬೇಡಿ. ಯಾರೂ ಹೇಳುವುದಿಲ್ಲ, ಹೇಳಿದರೂ ನಾಳೆ ಬದಲಾಗ್ತದೆ. "ಇಲ್ಲಿ ಎಷ್ಟು ಮಾರು ಆಳ, ಕಲ್ಲು ಎಲ್ಲಿ ಮುಗಿದು ಹೊಯ್ಗೆ ಸುರುವಾಗ್ತದೆ" ಅಂತ ಕೇಳಿ. ಅದನ್ನು ಸಂತೋಷದಲ್ಲಿ ಹೇಳ್ತಾರೆ, ಅದು ಬದಲಾಗುವುದೂ ಕಡಿಮೆ. ಹರಿವಿನ ಮೇಲ್ಗಡೆ ನಿಂತು ದಾರ ಬಿಡಬೇಡಿ, ನಿಮ್ಮದು ಬಂದು ಅವರದ್ದಕ್ಕೆ ಸುತ್ತಿಕೊಳ್ತದೆ. ಬ್ರೇಡ್ ತಂಗೂಸನ್ನು ಗರಗಸದ ಹಾಗೆ ಕೊಯ್ತದೆ, ಆಮೇಲೆ ಯಾವ ಅಜ್ಜನೂ ಎಂತದೂ ಕಲಿಸುವುದಿಲ್ಲ. ದೊಡ್ಡ ಮೀನು ಬಿದ್ದವರಿಗೆ ಪಕ್ಕದವರು ತಮ್ಮ ದಾರ ಎತ್ತಿ ಜಾಗ ಕೊಡುವುದು, ಕೈಬಲೆ ಇದ್ದವರು ಇಳಿದು ಹಿಡಿಯುವುದು. ಹೊಸಬರು ಕೈಬಲೆ ಹಿಡಿದು ನಿಂತರೆ ಒಂದೇ ದಿನದಲ್ಲಿ ಹತ್ತು ಜನರ ಗಂಟು, ಲೀಡರ್, ಡ್ರ್ಯಾಗ್ ಹತ್ತಿರದಿಂದ ನೋಡ್ಲಿಕ್ಕೆ ಸಿಗ್ತದೆ.

ಹೊಸಗಾಳ_ಕುಂಬಳೆ

ಎಲ್ಲರಿಗೂ ದೊಡ್ಡ ಉಪಕಾರ. ಚೀಲದಲ್ಲಿ ಹುಡುಕಿದೆ, ಮೂರು ತುದಿ ಸಿಕ್ಕಿತು. ಎರಡು ತಂಗೂಸಿನದ್ದು, ಎರಡರಲ್ಲೂ ಹಂದಿಬಾಲ, ಗಾಳದ ಬದಿಯಲ್ಲಿ. ಮೂರನೆಯದು ಬ್ರೇಡ್, ಎಳೆಗಳು ಕುಂಚದ ಹಾಗೆ, ಅದರಿಂದ ಮೇಲೆ ಅರ್ಧ ಮೀಟರ್ ನೂಲು ಎದ್ದ ಹಾಗೆ ಉಂಟು. ತಕ್ಕಡಿಯಲ್ಲಿ ಡ್ರ್ಯಾಗ್ ನೋಡಿದೆ, 1.4 ಕಿಲೋ! ಬಿಗಿ ಉಂಟು ಅಂತಲೇ ಎಣಿಸಿದ್ದೆ. ಗಾಳಕ್ಕೆ ಕಟ್ಟುವುದು ಕ್ಲಿಂಚ್ ಗಂಟು, ಮೂರು ಸುತ್ತು.

ಅಳಿವೆಬಾಗಿಲು

ಹಾಗಾದರೆ ರೋಗ ಎರಡು, ಒಂದಲ್ಲ. ಡಬಲ್ ಯೂನಿ ಬಗ್ಗೆ ನಾವು ಇಷ್ಟು ಮಾತಾಡಿದ್ದು ನಿಮ್ಮ ಮಟ್ಟಿಗೆ ವ್ಯರ್ಥ, ಜಾರಿದ್ದು ಗಾಳದ ಗಂಟು. ಕ್ಲಿಂಚಿಗೆ 30 ಪೌಂಡಿನ ತಂಗೂಸಿನಲ್ಲಿ 5 ಸುತ್ತು ಬೇಕು, ಕೊನೆಯನ್ನು ದೊಡ್ಡ ಕುಣಿಕೆಯಲ್ಲಿ ಹಿಂದಕ್ಕೆ ತೂರಿಸಿ. 50 ಪೌಂಡಿಗೆ ಏರಿಸಿದರೆ ಕ್ಲಿಂಚ್ ಬಿಟ್ಟುಬಿಡಿ, ದಪ್ಪ ದಾರದಲ್ಲಿ ಅದು ಕೂರುವುದಿಲ್ಲ. 4 ಸುತ್ತಿನ ಯೂನಿ ಹಾಕಿ, ಇಕ್ಕಳದಲ್ಲಿ ಕೊನೆ ಹಿಡಿದು ಬಿಗಿ ಮಾಡಿ. ಕಟ್ಟಿದ ಪ್ರತಿ ಗಾಳವನ್ನೂ ಮೊಳೆಗೆ ಸಿಕ್ಕಿಸಿ ಅದೇ ತಕ್ಕಡಿಯಲ್ಲಿ 5 ಕಿಲೋ ಎಳೆದು ನೋಡಿ. ಜಾರುವುದಾದರೆ ಮನೆಯಲ್ಲೇ ಜಾರಲಿ.

ಬ್ರೇಡಿನದ್ದು ಕಲ್ಲು. 1.4 ಕಿಲೋಕ್ಕೆ ಮೀನು ನಡೆದುಕೊಂಡು ಪೊಟರೆಗೆ ಹೋಗಿದೆ. ನೂಲು ಎದ್ದ ಭಾಗವನ್ನು, ಅದರ ಮೇಲೆ ಇನ್ನೂ ಎರಡು ಮೀಟರನ್ನು ಕತ್ತರಿಸಿ ಬಿಸಾಡಿ, ಜಿಪುಣತನ ಬೇಡ. ಡ್ರ್ಯಾಗ್ 3 ಕಿಲೋ. ಆದರೆ ಮೊದಲ ವಾರ ಗಂಟು ಮಾತ್ರ ಬದಲಿಸಿ, ಆಮೇಲೆ ಡ್ರ್ಯಾಗ್, ಆಮೇಲೆ ಲೀಡರ್. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ನಿಮಗೂ ಗೊತ್ತಾಗುವುದಿಲ್ಲ, ನಾಳೆ ಇನ್ನೊಬ್ಬರು ಕೇಳಿದಾಗ ನೀವೂ ಐದನೇ ಮದ್ದು ಹೇಳುವವರಾಗ್ತೀರಿ.

ಶಿರಿಯ_ಹೊಳೆ

ವಾರಗಟ್ಟಲೆ ಕಾಯುವುದು ಯಾಕೆ, ಗಂಟು ಮತ್ತು ಡ್ರ್ಯಾಗ್ ಎರಡನ್ನೂ ಈಗಲೇ ಸರಿ ಮಾಡಿ. ಎರಡಕ್ಕೂ ತುದಿಯ ಸಾಕ್ಷಿ ಸಿಕ್ಕಿದೆಯಲ್ಲ. ಲೀಡರ್ ಮಾತ್ರ ಆಮೇಲೆ. ಮನೆಗೆ ಬಂದು ರೀಲ್ ತೊಳೆಯುವಾಗ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರನ್ನು ಮೆಲ್ಲಗೆ ಹೊಯ್ಯಿರಿ, ಪೈಪಿನಲ್ಲಿ ಜೋರಾಗಿ ಬಿಟ್ಟರೆ ಉಪ್ಪು ಒಳಗೇ ಹೋಗ್ತದೆ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ. ಬಿಗಿಯಾಗಿಯೇ ಇಟ್ಟರೆ ಒಳಗಿನ ವಾಶರ್ ಅಂಟಿಕೊಂಡು ಮುಂದಿನ ಸಲ ಕಚ್ಚಿ ಕಚ್ಚಿ ಜಾರ್ತದೆ, ಆಗ 3 ಕಿಲೋ ಇಟ್ಟದ್ದು ಒಂದು ಕ್ಷಣಕ್ಕೆ 5 ಆಗಿರ್ತದೆ.

ಅಳಿವೆಬಾಗಿಲು

ಸರಿ, ಎರಡನ್ನೂ ಒಟ್ಟಿಗೆ ಮಾಡಲಿ, ಒಪ್ಪಿದೆ.

ಉಪ್ಪುನೀರು

ಮೂರು ಬಾಯಿಯ ಸ್ವಿವೆಲ್ ಕಟ್ಟಿ ನೋಡಿದೆ, ಸೀಸ ಮಾತ್ರ ಹೋಗುವುದು, ಗಾಳ ಬರ್ತದೆ. ಆದರೆ ಸೀಸದ ಖರ್ಚು ಹಾಗೇ ಉಂಟಲ್ಲ?

ಮತ್ತಿತಲೆ

ಸೀಸ ಯಾಕೆ, ಬೈಕ್ ಗ್ಯಾರೇಜಿನಲ್ಲಿ ಹಳೆ ಸ್ಪಾರ್ಕ್ ಪ್ಲಗ್ ಕೇಳಿ, ಡಬ್ಬಿಗಟ್ಟಲೆ ಕೊಡ್ತಾರೆ. ತಂತಿ ಬಾಗಿದ ತುದಿಯ ಸಂದಿಗೆ ತೆಳು ದಾರ ಕಟ್ಟಿ, ಆ ಸಂದಿಯನ್ನು ಇಕ್ಕಳದಲ್ಲಿ ಒತ್ತಿ ಮುಚ್ಚಿ. ಹರಿವು ಜೋರಿದ್ದರೆ ಎರಡು ಕಟ್ಟಿ. ಕಟ್ಟುವ ಮೊದಲು ಎಣ್ಣೆ ಒರೆಸಿ.